ಸ್ನೋಮೊಬೈಲಿಗೆ ಸ್ಕೀ ಮಾಡುವುದು: ಹಿಮದಲ್ಲಿ ತೇಲಬೇಕು, ಹ್ಯಾಂಡಲ್‌ಗೂ ಬಗ್ಗಬೇಕು

ಸ್ನೋಮೊಬೈಲ್ ಎಂದರೆ ಹಿಮದ ಮೇಲೆ ಓಡುವ ಗಾಡಿ: ಮುಂದೆ ತಿರುಗಲು ಎರಡು ಸ್ಕೀ, ಹಿಂದೆ ತಳ್ಳಲು ಟ್ರ್ಯಾಕ್ ಎಂಬ ಸುತ್ತುವ ರಬ್ಬರ್ ಪಟ್ಟಿ. ಅದಕ್ಕೆ ಹೊಸ ಸ್ಕೀ ಬೇಕೆನ್ನುವವರು ಮೊದಲು ಕೇಳುವುದು ಅಗಲದ ಬಗ್ಗೆ. ಆರಿಂಚು ಸಾಕಾ, ಎಂಟಿಂಚು ಬೇಕಾ? ಅಗಲ ಲೆಕ್ಕಕ್ಕೆ ಬರುತ್ತದೆ, ಇಲ್ಲವೆಂದಲ್ಲ. ಆದರೆ ಒಂದು ಜೋಡಿ ಸ್ಕೀಯನ್ನು ಪ್ಲಾಸ್ಟಿಕ್ ಹಲಗೆಯಿಂದ ಕೆತ್ತಿ, ಬಾಗಿಸಿ, ಗಾಡಿಗೆ ಕಟ್ಟಿ ಓಡಿಸಿದ ಮೇಲೆ ನಾವು ಮೊದಲು ಕೇಳುವ ಪ್ರಶ್ನೆಯೇ ಬೇರೆ: ಸ್ಕೀಯ ಮೂಲಕ ಇಳಿಯುವ ಭಾರ, ಅದನ್ನು ಗಾಡಿಗೆ ಹಿಡಿಸುವ ಬೋಲ್ಟಿನ ಮುಂದೆ ಬೀಳುತ್ತಿದೆಯೋ, ಹಿಂದೆ ಬೀಳುತ್ತಿದೆಯೋ? ಗಾಡಿ ನೇರ ಓಡುತ್ತದೋ ಅಡ್ಡಾದಿಡ್ಡಿ ಎಳೆಯುತ್ತದೋ ಎನ್ನುವುದು ಬಹುಪಾಲು ಅಲ್ಲೇ ತೀರ್ಮಾನವಾಗಿಬಿಡುತ್ತದೆ.

ಕೆಲಸ ನಡೆದದ್ದು ಅಮೆರಿಕದ ಮಿಷಿಗನ್ ರಾಜ್ಯದ ಉತ್ತರದ ತುದಿಯಲ್ಲಿ, ಸುಪೀರಿಯರ್ ಸರೋವರದೊಳಕ್ಕೆ ಚಾಚಿರುವ ಕೀವಿನಾ ಪರ್ಯಾಯದ್ವೀಪದಲ್ಲಿ. ಚಳಿಗಾಳಿ ಸರೋವರದ ಮೇಲೆ ಹಾಯುವಾಗ ತೇವ ಹೀರಿಕೊಂಡು ಬಂದು ಇಲ್ಲಿ ಸುರಿಯುತ್ತದೆ. ಒಂದು ಚಳಿಗಾಲಕ್ಕೆ ಸರಾಸರಿ 5 ಮೀಟರಿಗೂ ಮಿಕ್ಕಿದ ಹಿಮ. ಯಂತ್ರ ಎಳೆದು ಗಟ್ಟಿ ಮಾಡಿದ ಟ್ರೇಲೂ, ಅದರ ಪಕ್ಕದಲ್ಲೇ ತೊಡೆಮಟ್ಟದ ಹುಡಿಹಿಮವೂ ಸಿಗುವುದರಿಂದ ಒಂದೇ ಬೆಳಿಗ್ಗೆ ಎರಡರಲ್ಲೂ ಓಡಿಸಿ ನೋಡಬಹುದು. ವಾಹನ ಎಂಜಿನಿಯರುಗಳ ಸಂಘವಾದ ಎಸ್‌ಎಇ ವಿದ್ಯಾರ್ಥಿಗಳಿಗೆಂದು ಏರ್ಪಡಿಸುವ ಕ್ಲೀನ್ ಸ್ನೋಮೊಬೈಲ್ ಚಾಲೆಂಜ್ ಸ್ಪರ್ಧೆ ನಡೆಯುತ್ತ ಬಂದಿರುವುದೂ ಇಲ್ಲೇ, ಹೋಟನ್ ಊರಿನ ಮಿಷಿಗನ್ ಟೆಕ್ ವಿಶ್ವವಿದ್ಯಾಲಯದ ಸಂಶೋಧನಾ ಕೇಂದ್ರದಲ್ಲಿ. ಅಲ್ಲಿ ಗಮನವೆಲ್ಲ ಹೊಗೆ ಮತ್ತು ಸದ್ದಿನ ಮೇಲೆ. ಸ್ಕೀಯನ್ನು ಕೇಳುವವರು ಕಡಿಮೆ.

ಮೊದಲು ಹಿಮವನ್ನು ತೂಗಬೇಕು. ಸರಿಯಾಗಿ 1 ಲೀಟರ್ ಹಿಡಿಯುವ ತಗಡಿನ ಡಬ್ಬಿಯನ್ನು ಹಿಮದೊಳಕ್ಕೆ ಅಡ್ಡಲಾಗಿ ನೂಕಿ, ಬಾಯಿಯನ್ನು ಪಟ್ಟಿಯಿಂದ ಸವರಿ ಮಟ್ಟ ಮಾಡಿ, ಅಡುಗೆಮನೆಯ ತಕ್ಕಡಿಯ ಮೇಲಿಟ್ಟರೆ ಮುಗಿಯಿತು. ಒಳಗಿನ ಹಿಮ 90 ಗ್ರಾಂ ಬಂದರೆ ಸಾಂದ್ರತೆ ಘನ ಮೀಟರಿಗೆ 90 ಕಿಲೋ. ಹೊಸದಾಗಿ ಬಿದ್ದ ಹುಡಿಹಿಮ ಸಾಮಾನ್ಯವಾಗಿ 50ರಿಂದ 100ರ ಒಳಗೆ, ಕೆಲವು ದಿನ ಕೂತ ಹಿಮ 200ರಿಂದ 300, ಗಟ್ಟಿ ಮಾಡಿದ ಟ್ರೇಲ್ 450ರ ಆಚೆಈಚೆ. ಒಂದೇ ಸ್ಕೀ ಹುಡಿಹಿಮದಲ್ಲೂ ಓಡಬೇಕು, ಐದು ಪಟ್ಟು ದಟ್ಟವಾದ ಟ್ರೇಲಿನಲ್ಲೂ ಓಡಬೇಕು. ಈ ಅಂಕಿ ಬರೆದಿಟ್ಟುಕೊಳ್ಳದೆ ಮಾಡಿದ ಪರೀಕ್ಷೆಗಳನ್ನು ಹೋಲಿಸಲು ಹೋದರೆ ಸ್ಕೀಯನ್ನು ಹೊಗಳುತ್ತಿದ್ದೇವೋ ಹಿಮವನ್ನು ಹೊಗಳುತ್ತಿದ್ದೇವೋ ಗೊತ್ತಾಗುವುದಿಲ್ಲ.

ಆಮೇಲೆ ಭಾರ. ಪೆಟ್ರೋಲ್ ತುಂಬಿದ ಪರ್ವತ ಮಾದರಿಯ ಗಾಡಿ 240 ಕಿಲೋ, ದಪ್ಪ ಬಟ್ಟೆ ಹಾಕಿದ ಸವಾರ 90 ಕಿಲೋ, ಒಟ್ಟು 330. ಆಕ್ಸಿಲರೇಟರ್ ಒತ್ತಿ ಹೋಗುವಾಗ ಇದರಲ್ಲಿ ಕಾಲು ಭಾಗ ಸ್ಕೀಗಳ ಮೇಲೆ ಬೀಳುತ್ತದೆ ಎಂದುಕೊಂಡರೆ ಒಂದೊಂದಕ್ಕೆ ಸುಮಾರು 41 ಕಿಲೋ. 165 ಮಿ.ಮೀ. ಅಗಲದ ಸ್ಕೀಯಲ್ಲಿ ಹಿಮಕ್ಕೆ ತಾಗುವ ಉದ್ದ 900 ಮಿ.ಮೀ. ಎಂದಿಟ್ಟುಕೊಂಡರೆ ಒತ್ತಡ 2.7 ಕಿಲೋಪಾಸ್ಕಲ್. ಅದೇ ಗಾಡಿಯ 15 ಇಂಚು ಅಗಲ, 155 ಇಂಚು ಸುತ್ತಿನ ಟ್ರ್ಯಾಕಿನಡಿ ಲೆಕ್ಕ ಹಾಕಿದರೆ 5 ಕಿಲೋಪಾಸ್ಕಲ್ ಆಸುಪಾಸು ಬರುತ್ತದೆ. ಅಂದರೆ ಟ್ರ್ಯಾಕಿಗಿಂತ ಸ್ಕೀಯೇ ಹಗುರಾಗಿ ಕೂತಿದೆ. ಹಾಗಿದ್ದೂ ಮುಂಭಾಗ ಹೂತುಹೋಗುತ್ತಿದ್ದರೆ ಅಗಲ ಸಾಲದು ಎಂದು ತಕ್ಷಣ ತೀರ್ಮಾನಿಸಬಾರದು. ಆಕ್ಸಿಲರೇಟರ್ ಬಿಟ್ಟಾಗ, ಇಳಿಜಾರಿನಲ್ಲಿ, ಸವಾರ ಮುಂದಕ್ಕೆ ವಾಲಿದಾಗ ಸ್ಕೀಗಳ ಪಾಲು ಮೂರನೇ ಒಂದನ್ನೂ ದಾಟುತ್ತದೆ. ಅಂಥ ಹೊತ್ತಿನಲ್ಲಿ ಗಾಡಿಯನ್ನು ಮೇಲೆತ್ತುವುದು ಸ್ಕೀಯ ಮೂತಿ, ಅಂದರೆ ಮುಂದಿನ ಬಾಗು.

ಮೂತಿಯ ಬಾಗಿನಲ್ಲಿ ಎರಡು ಬಗೆಯ ತಪ್ಪು ಸಾಧ್ಯ. ಬಾಗು ತೀರಾ ಕಡಿದಾದರೆ ಹಿಮ ಸ್ಕೀಯ ಅಡಿಗೆ ಹೋಗುವ ಬದಲು ಮುಂದೆ ರಾಶಿಯಾಗಿ ಅಡ್ಡ ನಿಲ್ಲುತ್ತದೆ. ವೇಗ ಕುಸಿಯುತ್ತದೆ, ಹಿಮ ಚಿಮ್ಮಿ ಸವಾರನ ಮುಖಕ್ಕೆ ಬರುತ್ತದೆ. ತೀರಾ ಸಪಾಟಾದರೆ ಸಣ್ಣ ದಿಬ್ಬ ಇಳಿದಾಗ ತುದಿಯೇ ಹಿಮದೊಳಗೆ ನುಗ್ಗುತ್ತದೆ, ಒಮ್ಮೆ ನುಗ್ಗಿತೆಂದರೆ ಮೇಲೆ ಕೂತ ಹಿಮ ಅದನ್ನು ಇನ್ನಷ್ಟು ಅದುಮುತ್ತದೆ. ನಾವು ಕೊನೆಗೆ ನಿಂತ ಅಳತೆ: ಒಟ್ಟು ಉದ್ದ 1090 ಮಿ.ಮೀ.; ಮುಂದಿನ 320 ಮಿ.ಮೀ. ಬಾಗು, ತುದಿಯ ಎತ್ತರ 190 ಮಿ.ಮೀ.; ಬಾಗು ಶುರುವಾಗುವಲ್ಲಿ ನಿಧಾನ, ತುದಿಯತ್ತ ಚುರುಕು. ಅಗಲವೂ ಒಂದೇ ಸಮ ಇಲ್ಲ. ಬಾಗು ಮುಗಿಯುವಲ್ಲಿ 185, ಬೋಲ್ಟಿನ ಕೆಳಗೆ 165, ಹಿಂದಿನ ತುದಿಯಲ್ಲಿ 150. ಮುಂದಿನ ಅಗಲ ಹಿಮವನ್ನು ಒತ್ತಿ ದಾರಿ ಮಾಡುತ್ತದೆ, ಹಿಂದಿನದು ಆ ದಾರಿಯಲ್ಲೇ ಜಾರುತ್ತದೆ. ತಿರುಗುವಾಗ ಹಿಂಬದಿಯ ಅಂಚು ಹಿಮದ ಗೋಡೆಗೆ ಉಜ್ಜುವುದಿಲ್ಲ. ಪೂರ್ತಿ ಉದ್ದಕ್ಕೂ 200 ಮಿ.ಮೀ. ಮಾಡಿದರೆ ಒತ್ತಡ 2.2 ಕಿಲೋಪಾಸ್ಕಲಿಗೆ ಇಳಿಯುತ್ತದೆ ನಿಜ, ಆದರೆ ಟ್ರೇಲಿನಲ್ಲಿ ಅಂಚಿಗೆ ಒಂದು ಮಂಜುಗಡ್ಡೆಯ ಮುದ್ದೆ ಬಡಿದರೆ ಆ ಪೆಟ್ಟು ಸ್ಪಿಂಡಲಿನಿಂದ (ಹ್ಯಾಂಡಲ್ ತಿರುಗಿಸಿದಾಗ ಸ್ಕೀಯನ್ನು ತಿರುಗಿಸುವ ದಂಡ) 100 ಮಿ.ಮೀ. ದೂರದಲ್ಲಿ ಬಿದ್ದು ಹ್ಯಾಂಡಲನ್ನು ಕೈಯಿಂದ ಕಿತ್ತುಕೊಳ್ಳುವಷ್ಟು ತಿರುಚುತ್ತದೆ. ಮುಂದಷ್ಟೇ ಅಗಲ ಮಾಡುವುದರಲ್ಲಿ ಲಾಭದ ಹೆಚ್ಚಿನ ಪಾಲು ಸಿಗುತ್ತದೆ, ನಷ್ಟ ಅಷ್ಟಿಲ್ಲ.

ಹಿಂದಿನ ತುದಿಯನ್ನು ಯಾರೂ ಕಣ್ಣೆತ್ತಿ ನೋಡುವುದಿಲ್ಲ. ಅದು 15 ಮಿ.ಮೀ. ಆದರೂ ಮೇಲೇಳಬೇಕು, ಕೀಲೂ (ಅಡಿಯ ಉದ್ದನೆಯ ಏಣು) ಅಲ್ಲಿ ಇಳಿಜಾರಾಗಿ ಮುಗಿಯಬೇಕು. ಚೌಕವಾಗಿ ಕತ್ತರಿಸಿ ಬಿಟ್ಟರೆ ರಿವರ್ಸ್ ಹಾಕಿದ ಕೂಡಲೇ ಎರಡೂ ಸ್ಕೀಗಳು ಗುದ್ದಲಿಯ ಕೆಲಸ ಶುರು ಮಾಡುತ್ತವೆ.

ತಿರುಗಿಸುವ ಕೆಲಸ ಕೀಲಿನದು. ಸ್ಕೀಯ ಅಡಿಯಲ್ಲಿ ಉದ್ದಕ್ಕೆ ಇಳಿದಿರುವ ಏಣು ಅದು. ಗಟ್ಟಿ ಹಿಮದಲ್ಲಿ ಅದೇ ಕೊರೆದು ಹಿಡಿಯುವುದು, ತಳ ಬರೀ ಮೇಲೆ ಜಾರುತ್ತಿರುತ್ತದೆ. ಹುಡಿಹಿಮದಲ್ಲಿ ಕೀಲಿಗೆ ಕಚ್ಚಲು ಏನೂ ಸಿಗುವುದಿಲ್ಲ, ಅಲ್ಲಿ ಗಾಡಿ ತಿರುಗುವುದು ಸವಾರ ವಾಲಿದಾಗ, ತಳದ ಅಂಚು ಹಿಮಕ್ಕೆ ಒರಗಿದಾಗ. ಕೀಲಿನ ಆಳ 28 ಮಿ.ಮೀ., ಬುಡದಲ್ಲಿ ಅಗಲ 40, ತುದಿಯಲ್ಲಿ 18 ಇಟ್ಟೆವು. ಇಳಿಜಾರು ಬದಿ ಬೇಕೇ ಬೇಕು. ಬದಿ ನೆಟ್ಟಗಿದ್ದರೆ ಹಿಡಿತ ಚೆನ್ನ, ಆದರೆ ಮುಂದೆ ಹೋದ ಗಾಡಿಯ ಸ್ಕೀ ಕೊರೆದ ಗೀರಿಗೆ ಇದು ಇಳಿದರೆ ಹತ್ತಿ ಹೊರಬರುವುದಿಲ್ಲ, ಗೀರು ಹೋದತ್ತ ಗಾಡಿಯೂ ಹೋಗುತ್ತದೆ. ಇಲ್ಲಿನವರು ಡಾರ್ಟಿಂಗ್ ಎಂದು ಬೈಯುವುದು ಇದನ್ನೇ. ಕೀಲಿನ ಎರಡೂ ಬದಿಗೆ 45 ಮಿ.ಮೀ. ದೂರದಲ್ಲಿ 8 ಮಿ.ಮೀ. ಆಳದ ಸಣ್ಣ ಏಣು ಬಿಟ್ಟರೆ ಬದಿಯ ಇಳಿಜಾರಿನಲ್ಲಿ ಅಡ್ಡ ಹೋಗುವಾಗ ಜಾರುವುದು ಕಡಿಮೆಯಾಗುತ್ತದೆ. ಎರಡು ಪೂರ್ಣ ಕೀಲುಗಳ ಸ್ಕೀಯೂ ಇದೆ, ಸಿಮನ್ಸ್‌ನವರ ಫ್ಲೆಕ್ಸಿ-ಸ್ಕೀ ಆ ಜಾತಿಯದು. ಗೀರು ಹಿಡಿದು ಓಡುವ ಚಾಳಿ ಅದರಲ್ಲಿ ಬಹಳ ಕಡಿಮೆ, ಬದಲಿಗೆ ಹ್ಯಾಂಡಲ್ ಭಾರ. ಟ್ರೇಲಿನಲ್ಲೇ ಓಡಿಸುವವರಿಗೆ ಅದೇ ಒಳ್ಳೆಯದೆಂದು ನಮ್ಮ ಅಭಿಪ್ರಾಯ.

ಇನ್ನು ಬೋಲ್ಟಿನ ಜಾಗ. ಸ್ಪಿಂಡಲ್ ನೆಟ್ಟಗೆ ನಿಂತಿರುವುದಿಲ್ಲ, ಮೇಲ್ತುದಿ ಹಿಂದಕ್ಕೆ ವಾಲಿರುತ್ತದೆ. ನಮ್ಮ ಗಾಡಿಯಲ್ಲಿ 25 ಡಿಗ್ರಿ. ಬೋಲ್ಟಿನಿಂದ ಕೀಲಿನ ತುದಿಗೆ ಎತ್ತರ 90 ಮಿ.ಮೀ. ಬೋಲ್ಟು ಸ್ಪಿಂಡಲಿನ ಅಕ್ಷದ ಮೇಲೇ ಇದೆಯೆಂದರೆ, ಆ ಅಕ್ಷದ ಗೆರೆಯನ್ನು ಕೆಳಕ್ಕೆ ಎಳೆದಾಗ ಅದು ನೆಲ ಮುಟ್ಟುವುದು ಬೋಲ್ಟಿಗಿಂತ 42 ಮಿ.ಮೀ. ಮುಂದೆ. ಭಾರ ಸರಿಯಾಗಿ ಬೋಲ್ಟಿನ ಕೆಳಗೇ ಬಿದ್ದರೆ ಸ್ಕೀ ತನ್ನ ಅಕ್ಷಕ್ಕಿಂತ 42 ಮಿ.ಮೀ. ಹಿಂದೆ ಎಳೆಸಿಕೊಂಡು ಬರುತ್ತದೆ, ಬಿಟ್ಟರೆ ತಾನಾಗಿ ನೇರಕ್ಕೆ ತಿರುಗುತ್ತದೆ. ಭಾರದ ಕೇಂದ್ರ ಬೋಲ್ಟಿನಿಂದ 50 ಮಿ.ಮೀ. ಮುಂದೆ ಸರಿಯಿತೋ, ಲೆಕ್ಕ ಉಲ್ಟಾ: ಮೂಗು ಅಕ್ಷದ ಮುಂದೆ ಕಚ್ಚುತ್ತದೆ, ಸಣ್ಣ ಗೀರೂ ಅದನ್ನು ಎತ್ತಲಾದರೂ ತಿರುಗಿಸುತ್ತದೆ. ಸ್ಕೀ ಬದಲಿಸಿದ ಮೇಲೆ ಗಾಡಿ ಹುಚ್ಚಾಯಿತು ಎನ್ನುವ ದೂರುಗಳಲ್ಲಿ ಹೆಚ್ಚಿನವು ಈ ಕೆಲವು ಮಿಲಿಮೀಟರಿನವು.

ಹಲಗೆ ಯುಎಚ್‌ಎಂಡಬ್ಲ್ಯು (ಅಂದರೆ ಅಣುತೂಕ ಬಹಳ ಹೆಚ್ಚಿರುವ) ಪಾಲಿಎಥಿಲೀನ್, 40 ಮಿ.ಮೀ. ದಪ್ಪದ್ದು. ಈಗಿನ ಸ್ಕೀಗಳೆಲ್ಲ ಹೆಚ್ಚುಕಡಿಮೆ ಇದೇ ವಸ್ತುವಿನವು. ಅಲ್ಯುಮಿನಿಯಂಗೆ ಹಿಮ ಅಂಟುತ್ತದೆ. ಪಾಲಿಪ್ರೊಪಿಲೀನ್ ಶೂನ್ಯದ ಕೆಳಗೆ ಇಳಿದಂತೆ ಬಿರುಸಾಗಿ ಒಡೆಯುತ್ತದೆ. ಯುಎಚ್‌ಎಂಡಬ್ಲ್ಯು ಮಾತ್ರ ಮೈನಸ್ 40ರಲ್ಲೂ ಪೆಟ್ಟು ತಾಳುತ್ತದೆ, ಜಾರುತ್ತದೆ, ಸಾಂದ್ರತೆ ನೀರಿಗಿಂತ ಕಡಿಮೆ. ಒಂದು ಸ್ಕೀಯ ಪ್ಲಾಸ್ಟಿಕ್ ಭಾಗ 2.2 ಕಿಲೋ ಬಂತು. ಅಂಟಿಗೆ ಮಾತ್ರ ಒಗ್ಗುವುದಿಲ್ಲ, ಎಲ್ಲವನ್ನೂ ಬೋಲ್ಟಿನಲ್ಲೇ ಹಿಡಿಸಬೇಕು.

ಮಿಲ್ಲಿಂಗ್‌ನಲ್ಲಿ ಅವಸರ ಕೂಡದು. ಹಲಗೆಯ ಒಳಗೆ ತಯಾರಿಯ ಹೊತ್ತಿನ ಬಿಗಿತ ಕೂತಿರುತ್ತದೆ. ಒಂದೇ ಕಡೆಯಿಂದ 30 ಮಿ.ಮೀ. ಕೆತ್ತಿದರೆ ಕ್ಲಾಂಪ್ ಬಿಚ್ಚಿದಾಗ ಹಲಗೆ ಕಣ್ಣೆದುರೇ ಬಾಗುತ್ತದೆ. ಎರಡೂ ಮುಖವನ್ನು ಸರದಿಯಲ್ಲಿ ಒರಟಾಗಿ ಕೆತ್ತಿ, ಎಲ್ಲೆಡೆ 2 ಮಿ.ಮೀ. ಉಳಿಸಿ, ಒಂದು ರಾತ್ರಿ ಬಿಟ್ಟು, ಮರುದಿನ ಕೊನೆಯ ಕಡಿತ ಮಾಡಬೇಕು. ಕಟರ್ ಹೊಸದಾಗಿರಲಿ, ಒಂದು ಅಥವಾ ಎರಡು ಹಲ್ಲಿನದು ಸಾಕು. ಮೊಂಡಾದದ್ದು ಕತ್ತರಿಸುವ ಬದಲು ಕರಗಿಸುತ್ತದೆ, ಸುರುಳಿ ಸುತ್ತಿಕೊಂಡು ಕಟರೇ ಕಾಣದಾಗುತ್ತದೆ. ಅಳತೆ ತೆಗೆಯುವುದು ಹಲಗೆ ತಣ್ಣಗಾದ ಮೇಲೆ. ಒಂದು ಮೀಟರ್ ಉದ್ದದ ಹಲಗೆ 5 ಡಿಗ್ರಿ ಬಿಸಿಯಾದರೂ ಮುಕ್ಕಾಲು ಮಿ.ಮೀ. ಹಿಗ್ಗುತ್ತದೆ.

ಮೂತಿ ಬಾಗಿಸಲು ಮುಂದಿನ ಭಾಗವನ್ನು 10 ಮಿ.ಮೀ. ದಪ್ಪಕ್ಕೆ ಇಳಿಸಿಕೊಂಡು 150 ಡಿಗ್ರಿಯ ಒಲೆಯಲ್ಲಿಟ್ಟೆವು. ಈ ಪ್ಲಾಸ್ಟಿಕ್ ಸುಮಾರು 135 ಡಿಗ್ರಿಯಲ್ಲಿ ಕರಗಿದರೂ ಹರಿಯುವುದಿಲ್ಲ, ರಬ್ಬರಿನ ಹಾಗೆ ಆಕಾರ ಹಿಡಿದೇ ನಿಲ್ಲುತ್ತದೆ. ಬಾಗಿಸಲು ಸಾಧ್ಯವಾಗುವುದು ಅದರಿಂದಲೇ. ಬಿಳಿ ಹಲಗೆಯಾದರೆ ಗುರುತು ಸುಲಭ: ಸುಣ್ಣದ ಬಿಳಿ ಅಂಚಿನಿಂದ ಕರಗುತ್ತ ಬಂದು, ಗಾಜಿನಷ್ಟಲ್ಲದಿದ್ದರೂ ಹಿಂದೆ ಹಿಡಿದ ಬೆರಳಿನ ನೆರಳು ಕಾಣುವಷ್ಟು ಪಾರಕವಾಗುತ್ತದೆ. ನಡುವೆ ಇನ್ನೂ ಮಸುಕು ಬಿಳಿ ಪಟ್ಟೆ ಉಳಿದಿದ್ದರೆ ಒಳಗೆ ಬೆಂದಿಲ್ಲ ಎಂದರ್ಥ, ಆಗ ಬಾಗಿಸಿದರೆ ಆ ಪಟ್ಟೆಯಲ್ಲೇ ಮಡಿಕೆ ಬೀಳುತ್ತದೆ. ಕಪ್ಪು ಹಲಗೆಯಲ್ಲಿ ಇದೇನೂ ಕಾಣದು, ಅಂಚಿನಲ್ಲಿ ಸಣ್ಣ ತೂತು ಕೊರೆದು ಥರ್ಮೋಕಪಲ್ (ಬಿಸಿ ಅಳೆಯುವ ತಂತಿ) ಇಡಬೇಕಾಗುತ್ತದೆ. ಹಾಗಾಗಿ ಮಾದರಿಗೆ ಬಿಳಿಯೇ ವಾಸಿ. ಬಿಸಿಲಿಗೆ ತಾಳಿಕೆ ಬರುವ ಕಪ್ಪನ್ನು ಅಳತೆ ನಿಕ್ಕಿಯಾದ ಮೇಲೆ ತಂದರಾಯಿತು. ಮರದ ಅಚ್ಚಿನ ಮೇಲೆ ಕ್ಲಾಂಪ್ ಬಿಗಿದು ಕೈಗೆ ತಣ್ಣಗಾಗುವವರೆಗೆ ಮುಟ್ಟಬಾರದು. ಇನ್ನೂ ಬೆಚ್ಚಗಿರುವಾಗ ಬಿಚ್ಚಿದರೆ ಬಾಗು ಬಿಚ್ಚಿಕೊಳ್ಳುತ್ತದೆ. ಅಚ್ಚನ್ನೇ ಕೆಲವು ಡಿಗ್ರಿ ಹೆಚ್ಚು ಬಾಗಿಸಿಟ್ಟರೆ ತಣಿದ ಮೇಲೆ ಬೇಕಾದ ಜಾಗಕ್ಕೆ ಬಂದು ನಿಲ್ಲುತ್ತದೆ.

ಸ್ಕೀಯನ್ನು ಸ್ಪಿಂಡಲಿಗೆ ಜೋಡಿಸುವ ಸ್ಯಾಡಲ್ 3 ಮಿ.ಮೀ. ಉಕ್ಕಿನ ಎರಡು ಬದಿತಟ್ಟೆ. ಸ್ಕೀಗೆ ನಾಲ್ಕು ಎಂ8 ಬೋಲ್ಟು, ಸ್ಪಿಂಡಲಿಗೆ ಒಂದು ಎಂ12. ಪ್ಲಾಸ್ಟಿಕ್ಕನ್ನು ಬೋಲ್ಟಿನಿಂದ ನೇರ ಅದುಮಿದರೆ ಅದು ದಿನಕಳೆದಂತೆ ಅಡಿಯಿಂದ ಸರಿಯುತ್ತ ಹೋಗುತ್ತದೆ, ನಟ್ಟು ತಿರುಗದಿದ್ದರೂ ಬಿಗಿ ಮಾಯ. ಪ್ರತಿ ತೂತಿಗೂ ಉಕ್ಕಿನ ತೋಳು ಹಾಕಿ, ತೋಳಿನ ಉದ್ದವನ್ನು ಪ್ಲಾಸ್ಟಿಕ್ ದಪ್ಪಕ್ಕಿಂತ 0.3 ಮಿ.ಮೀ. ಕಡಿಮೆ ಇಟ್ಟರೆ ಪ್ಲಾಸ್ಟಿಕ್ ಸ್ವಲ್ಪ ಅದುಮಿಕೊಂಡು, ಉಳಿದ ಬಿಗಿತವೆಲ್ಲ ಉಕ್ಕಿನ ಮೇಲೆ ಕೂರುತ್ತದೆ. ಅಡಿಗೆ ಅಗಲವಾದ ವಾಷರ್, ಮೇಲೆ ಲಾಕ್‌ನಟ್.

ಕೀಲಿನ ತುದಿಗೆ 10 ಮಿ.ಮೀ. ದಪ್ಪದ ಉಕ್ಕಿನ ಸರಳು, ಅದರ ಅಡಿಗೆ ಬೆಸುಗೆ ಹಾಕಿದ ಕಾರ್ಬೈಡ್ ತುಂಡು, ಉಕ್ಕಿಗಿಂತ ಗಡುಸಾದದ್ದು. ಹುಡಿಹಿಮದ ಗಾಡಿಗೆ 100 ಮಿ.ಮೀ. ಕಾರ್ಬೈಡ್ ಸಾಕು, ಟ್ರೇಲಿಗೆ 150. ಟ್ರ್ಯಾಕಿಗೆ ಮೊಳೆ ಹೊಡೆಸಿ ಸ್ಕೀಗೆ ಕಾರ್ಬೈಡ್ ಹಾಕದೆ ಬಿಡುವುದು ಅಪಾಯ: ಹಿಂದಿನದು ಕಚ್ಚಿ ತಳ್ಳುತ್ತದೆ, ಮುಂದಿನದು ಜಾರುತ್ತದೆ, ತಿರುವಿನಲ್ಲಿ ಗಾಡಿ ನೇರ ಹೋಗುತ್ತದೆ. ಗುಲ್ಮಾರ್ಗಿನಲ್ಲಿ ಬಾಡಿಗೆ ಗಾಡಿ ಹತ್ತಿದ ನಮ್ಮವರಲ್ಲಿ ಕೆಲವರು, ಹ್ಯಾಂಡಲ್ ತಿರುಗಿಸಿದರೂ ಅದು ತನ್ನ ಪಾಡಿಗೆ ಮುಂದೆ ಹೋಗಿ ಆಮೇಲೆ ತಿರುಗಿದ್ದನ್ನು ಗಮನಿಸಿರಬಹುದು. ಸರಳು ಸವೆದು ಬೋಳಾಗಿದ್ದರೂ ಇದೇ ಆಗುವುದು.

ಸರಳಿನ ತೂತುಗಳ ವಿಷಯದಲ್ಲಿ ಚಳಿಯ ಲೆಕ್ಕ ಬಿಡಬಾರದು. 20 ಡಿಗ್ರಿಯ ಕಾರ್ಖಾನೆಯಲ್ಲಿ ಜೋಡಿಸಿದ್ದು ಹೊರಗೆ ಮೈನಸ್ 25ಕ್ಕೆ ಹೋದರೆ 600 ಮಿ.ಮೀ. ಉದ್ದದಲ್ಲಿ ಪ್ಲಾಸ್ಟಿಕ್ 4 ಮಿ.ಮೀ. ಕುಗ್ಗುತ್ತದೆ, ಉಕ್ಕು 0.3. ಎಲ್ಲ ತೂತೂ ಗುಂಡಗೆ, ಬಿಗಿಯಾಗಿ ಇದ್ದರೆ ಅಡಿಯಲ್ಲಿ ಉಕ್ಕು ಕುಗ್ಗಲು ಬಿಡುವುದಿಲ್ಲ, ಮೇಲ್ಮೈ ಕುಗ್ಗುತ್ತದೆ, ಸ್ಕೀ ಬಾಳೆಹಣ್ಣಿನ ಹಾಗೆ ಎರಡೂ ತುದಿ ಎತ್ತಿಕೊಂಡು ಕೂರುತ್ತದೆ. ಆಗ ಹಿಮ ತಾಗುವುದು ನಡುವಿನ ಒಂದು ಗೇಣು ಮಾತ್ರ, ಹಿಡಿತ ಹೋಗುತ್ತದೆ. ಒಳಗೆ ತಂದು ಮೇಜಿನ ಮೇಲಿಟ್ಟರೆ ಮತ್ತೆ ನೆಟ್ಟಗಾಗಿರುತ್ತದೆ, ಕಾರಣ ಹುಡುಕಿ ತಲೆ ಕೆಡಿಸಿಕೊಳ್ಳಬೇಕು! ನಡುವಿನ ಬೋಲ್ಟಿಗೆ ಗುಂಡು ತೂತು, ಮುಂದಿನ ಹಿಂದಿನವಕ್ಕೆ 5 ಮಿ.ಮೀ. ಉದ್ದ ಹೆಚ್ಚಿಸಿದ ತೂತು ಕೊಟ್ಟರೆ ತಾಪತ್ರಯವಿಲ್ಲ. ಮೂತಿಯ ಹಿಡಿಕೆಯ ಪೈಪನ್ನು ಸ್ಯಾಡಲಿಗೆ ಕಟ್ಟುವಲ್ಲೂ ಇದೇ ನಿಯಮ.

ಹಿಮಕ್ಕೆ ಇಳಿಸುವ ಮೊದಲು ಭಾರದ ಕೇಂದ್ರ ನೋಡಲು ಎರಡು ಸ್ನಾನದ ಕೋಣೆಯ ತೂಕದ ಯಂತ್ರ ಸಾಕು. ಗಾಡಿಯ ಟ್ರ್ಯಾಕನ್ನೂ ಇನ್ನೊಂದು ಸ್ಕೀಯನ್ನೂ ಹಲಗೆ ಕೊಟ್ಟು ಅದೇ ಮಟ್ಟಕ್ಕೆ ಎತ್ತಿ, ಕೀಲಿನಡಿ ಬೋಲ್ಟಿಗಿಂತ 200 ಮಿ.ಮೀ. ಮುಂದೊಂದು, 200 ಮಿ.ಮೀ. ಹಿಂದೊಂದು ಮರದ ತುಂಡನ್ನು ಒಂದೊಂದು ಯಂತ್ರದ ಮೇಲಿಟ್ಟು, ಸವಾರ ಕೂರಬೇಕು. ಮುಂದೆ 24, ಹಿಂದೆ 16 ಕಿಲೋ ತೋರಿಸಿದರೆ ವ್ಯತ್ಯಾಸ 8, ಮೊತ್ತ 40. 200ನ್ನು 8ರಿಂದ ಗುಣಿಸಿ 40ರಿಂದ ಭಾಗಿಸಿ: ಕೇಂದ್ರ 40 ಮಿ.ಮೀ. ಮುಂದಿದೆ. ಮೇಲಿನ 42ರಲ್ಲಿ ಉಳಿದದ್ದು ಬರೀ 2. ಇಂಥ ಗಾಡಿ ಟ್ರೇಲಿನಲ್ಲಿ ಅಲೆಯದೆ ಇರದು. ಮುಂದೆ ಭಾರ ಬರುವುದಕ್ಕೆ ಕಾರಣ ಸ್ಪಿಂಡಲಿನಡಿ ಸ್ಯಾಡಲಿನಲ್ಲಿ ಕೂತ ರಬ್ಬರ್ ಡ್ಯಾಂಪರ್. ಅದು ಮೂತಿಯನ್ನು ಕೆಳಕ್ಕೆ ಅದುಮುತ್ತಿರುತ್ತದೆ. ರಬ್ಬರಿನ ಹಿಂಭಾಗದ ಅಡಿಗೆ 3 ಮಿ.ಮೀ. ಶಿಮ್ (ತೆಳು ಪಟ್ಟಿ) ಕೊಟ್ಟರೆ ಸ್ಕೀಯ ಹಿಂಬದಿ ಕೆಳಗೆ, ಮೂತಿ ಮೇಲೆ. ಓದು 17 ಮತ್ತು 23ಕ್ಕೆ ಬಂದರೆ ಕೇಂದ್ರ 30 ಮಿ.ಮೀ. ಹಿಂದೆ ಹೋಯಿತು, ಅಲೆದಾಟ ನಿಂತರೂ ಹ್ಯಾಂಡಲ್ ಭಾರವಾಗುತ್ತದೆ, ತಿರುವಿಗೆ ಮೂಗು ಸೋಮಾರಿಯಾಗುತ್ತದೆ. 10ರಿಂದ 15 ಮಿ.ಮೀ. ಹಿಂದೆ ಇದ್ದರೆ ಎರಡಕ್ಕೂ ಹೊಂದುತ್ತದೆ, ಅದಕ್ಕೆ 2 ಮಿ.ಮೀ. ಶಿಮ್ ಸಾಕಾಗಬಹುದು. ರಬ್ಬರ್ ಚಳಿಗೆ ಗಡುಸಾಗುವುದರಿಂದ ಗಾಡಿಯನ್ನು ರಾತ್ರಿ ಹೊರಗೇ ಬಿಟ್ಟು ಬೆಳಿಗ್ಗೆ ಅಳೆಯುವುದು ಉತ್ತಮ.

ಸ್ಕೀಗಳ ಜೋಡಣೆ ಚಿಕ್ಕ ಕೆಲಸ, ಆದರೆ ಅದು ತಪ್ಪಿದ್ದರೆ ಮೇಲಿನದೆಲ್ಲ ವ್ಯರ್ಥ. ಎರಡು ಮೂತಿಗಳನ್ನು ರಬ್ಬರ್ ಹಗ್ಗದಿಂದ ಒಳಕ್ಕೆ ಎಳೆದು ಕಟ್ಟಿದರೆ ಹ್ಯಾಂಡಲಿನ ತಿರುವನ್ನು ಸ್ಪಿಂಡಲಿಗೆ ಒಯ್ಯುವ ಟೈ ರಾಡಿನ ಸಡಿಲವೆಲ್ಲ ಒಂದು ಕಡೆಗೆ ಬರುತ್ತದೆ. ಟ್ರ್ಯಾಕಿನ ಬದಿಗೆ ನೇರ ಪಟ್ಟಿ ಹಿಡಿದು ಕೀಲಿಗೆ ಮುಂದೆ, ಹಿಂದೆ ಅಳೆಯಬೇಕು. ಎರಡೂ ಕಡೆ ಸೇರಿ ಮುಂದಿನ ಅಂತರ 3ರಿಂದ 6 ಮಿ.ಮೀ. ಹೆಚ್ಚಿರಲಿ, ಅಂದರೆ ಮೂತಿಗಳು ಒಂದಿಷ್ಟು ಹೊರಕ್ಕೆ. ಒಳಕ್ಕೆ ತಿರುಗಿದ್ದರೆ ಶಿಮ್ ಎಷ್ಟೇ ಹಾಕಿದರೂ ಗಾಡಿ ಅಲೆಯುತ್ತದೆ.

ಓಡಿಸಿ ನೋಡುವಾಗ ಮೊದಲು ಗಟ್ಟಿ ಟ್ರೇಲು, ಕೊನೆಗೆ ಹುಡಿಹಿಮ. ಟ್ರೇಲಿನಲ್ಲಿ ಹಳೆಯ ಗೀರುಗಳನ್ನು ಬೇಕೆಂದೇ ಓರೆಯಾಗಿ ದಾಟಬೇಕು, ಹ್ಯಾಂಡಲನ್ನು ಹಗುರಾಗಿ ಹಿಡಿದು. ಹುಡಿಹಿಮದಲ್ಲಿ ಗಾಡಿ ನಿಲ್ಲಿಸಿ ಹಿಂದೆ ನಡೆದು ಸ್ಕೀ ಬಿಟ್ಟ ಚಡಿಯನ್ನು ನೋಡಿದರೆ ಬಹಳಷ್ಟು ತಿಳಿಯುತ್ತದೆ. ಚಡಿಯ ತಳ ನುಣುಪಾಗಿ, ಎರಡು ಅಂಚೂ ಚೂಪಾಗಿ ನಿಂತಿದ್ದರೆ ಮೂತಿ ಹಿಮವನ್ನು ಅಡಿಗೆ ಒತ್ತುತ್ತಿದೆ. ಅಂಚು ಕುಸಿದು ಎರಡೂ ಬದಿಗೆ ಉಂಡೆಗಳು ಚೆಲ್ಲಿದ್ದರೆ ತಳ್ಳುತ್ತಿದೆ, ಬಾಗು ಸಡಿಲಿಸಬೇಕು.  ಮಧ್ಯಾಹ್ನ ಶೂನ್ಯದ ಹತ್ತಿರ ಬಂದಾಗ ಇನ್ನೊಮ್ಮೆ ಓಡಿಸಿ ನಿಲ್ಲಿಸಿ ಸ್ಕೀಯ ಮೇಲ್ಮೈ ನೋಡಬೇಕು. ಸ್ಯಾಡಲಿನ ಮೂಲೆಗಳಲ್ಲಿ ಒದ್ದೆ ಹಿಮ ಹೆಪ್ಪುಗಟ್ಟಿ ಸ್ಕೀ ಬೋಲ್ಟಿನ ಮೇಲೆ ಆಡುವುದನ್ನೇ ತಡೆಯುತ್ತದೆ. ಬದಿತಟ್ಟೆಗೆ ಎರಡು ದೊಡ್ಡ ತೂತು ಕೊಟ್ಟರೆ ಅದು ಉದುರಿಹೋಗಲು ದಾರಿಯಾಗುತ್ತದೆ.

ಮೊದಲ ಓಟದ ನಂತರ ಎಲ್ಲ ನಟ್ಟುಗಳನ್ನೂ ಮತ್ತೆ ಬಿಗಿಯಬೇಕು, ತೋಳು ಹಾಕಿದ್ದರೂ ಸರಿ. ಟ್ರೇಲು ಡಾಂಬರು ರಸ್ತೆ ದಾಟುವಲ್ಲಿ ನಿಧಾನವಾಗಿ, ನೇರವಾಗಿ, ಆದಷ್ಟು ಕಡಿಮೆ ದೂರ ದಾಟಬೇಕು: ಸರಳು ಅಲ್ಲಿ ಎಷ್ಟು ಬಿಸಿಯಾಗುತ್ತದೆಂದರೆ ಕೀಲಿನ ತೋಡನ್ನೇ ಕರಗಿಸಿ ಅಗಲ ಮಾಡಿಕೊಂಡು ಅಲ್ಲಾಡತೊಡಗುತ್ತದೆ. ಸರಳಿನ ದಪ್ಪ ಅರ್ಧಕ್ಕೆ ಇಳಿದಾಗ ಬದಲಿಸಿಬಿಡಬೇಕು. ಅದಕ್ಕೂ ಮೀರಿ ಓಡಿಸಿದರೆ ಬೋಲ್ಟಿನ ಬುಡ ಸವೆಯುತ್ತದೆ, ಆಮೇಲೆ ಬದಲಿಸಬೇಕಾಗುವುದು ಸರಳನ್ನಲ್ಲ, ಸ್ಕೀಯನ್ನು.